ಎರಡು ಪದರದ ಡೇರೆ

ರವಿಚಂದ್ರನನ್ನು ಕೊಲೆಗಾರನನ್ನಾಗಿ ಮಾಡಿದ್ದು ಒಂದು ಟೋಪಿ ಎಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ನಡೆದದ್ದು ಹಾಗೆಯೇ. ಶಿವನಸಮುದ್ರದ ಹತ್ತಿರ ಕಾವೇರಿಯ ದಡದಲ್ಲಿ ಭಾವ ಸ್ವಾಮಿಯ ಡೇರೆ ಕ್ಯಾಂಪು ಶುರುವಾದ ದಿನ, ಹಸಿರು ಬಣ್ಣದ ಒಂದು ಟೋಪಿಯನ್ನು ಸ್ವಾಮಿ ಕೈಯಾರೆ ಅವನ ತಲೆಗೆ ಇಟ್ಟ. ಸೇರಿದ್ದ ನೆಂಟರಿಷ್ಟರ ಎದುರಿಗೆ, "ಇವ್ನು ನಮ್ ಹುಡ್ಗ. ಲಗೇಜು ಗಿಗೇಜು ಏನಿದ್ರೂ ಇವ್ನ ಕೈಗೆ ಕೊಟ್ಬುಡಿ" ಅಂದ. ಎಲ್ಲರೂ ನಕ್ಕರು. ರವಿಚಂದ್ರನಿಗೆ ಆಗ ನಲವತ್ತೊಂದು ವರ್ಷ.

ನಕ್ಕವರಲ್ಲಿ ಯಾರಿಗೂ ಗೊತ್ತಿರದ ಸಂಗತಿಯೆಂದರೆ, ಆ ಕ್ಯಾಂಪು ಹುಟ್ಟಿದ್ದೇ ರವಿಚಂದ್ರನ ತಲೆಯಲ್ಲಿ. ಕಬಿನಿ ಕಡೆಯ ಒಂದು ಡೇರೆ ಕ್ಯಾಂಪಿನಲ್ಲಿ ಹತ್ತು ವರ್ಷ ದುಡಿದು ಬಂದವನು ಅವನು. ಅಕ್ಕ ವೀಣಳ ಗಂಡನಾದ ಸ್ವಾಮಿ ನದಿ ಪಕ್ಕದ ಜಮೀನಿನಲ್ಲಿ ಹುರುಳಿ ಚೆಲ್ಲಿ ಕೂತಿದ್ದಾಗ, ಇಲ್ಲಿ ಡೇರೆ ಹಾಕಿದರೆ ಬೆಂಗಳೂರಿನ ಜನ ಹುಡುಕಿಕೊಂಡು ಬರುತ್ತಾರೆ ಎಂದು ಹೇಳಿದವನೂ ಅವನೇ. "ಅರ್ಧ ನಿಂದು, ಅರ್ಧ ನಂದು ಕಣ್ಲಾ" ಅಂದಿದ್ದ ಸ್ವಾಮಿ. ಬೋರ್ಡು ಬಂದಾಗ ಅದರ ಮೇಲೆ ಇದ್ದದ್ದು ಸ್ವಾಮಿಯ ಹೆಸರೊಂದೇ. ಅದನ್ನೂ ರವಿಚಂದ್ರ ನುಂಗಿಕೊಂಡ. ಟೋಪಿ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಅಲ್ಲಿಂದಾಚೆ ಎರಡು ವರ್ಷ ಅವನು ಭಾವನ ಪ್ರತಿ ಮಾತನ್ನೂ ತಿರುವಿ ಮುರುವಿ ನೋಡತೊಡಗಿದ. ಚೆನ್ನಾಗಿ ಮಾತಾಡಿಸಿದರೆ ಏನೋ ಕೆಲಸ ಇದೆ ಅನ್ನಿಸುವುದು, ಮಾತಾಡಿಸದಿದ್ದರೆ ಓಡಿಸಲು ನೋಡುತ್ತಿದ್ದಾನೆ ಅನ್ನಿಸುವುದು.

ಇಂಥದ್ದರಲ್ಲಿ ಒಂದು ದಿನ ಸ್ವಾಮಿ ಅವನನ್ನು ಕೂರಿಸಿಕೊಂಡು, ತನಗೊಂದು ದೊಡ್ಡ ಸಫಾರಿ ಡೇರೆ ಬೇಕು ಅಂದ. ಬಂದವರಿಗಲ್ಲ, ತನಗೆ. ರಾಜರು ಶಿಕಾರಿಗೆ ಹೋದಾಗ ಹಾಕಿಸುತ್ತಿದ್ದರಲ್ಲ, ಅಂಥದ್ದು. ಮುಂದೆ ಜಗಲಿ, ಹಿಂದೆ ಬಚ್ಚಲು, ನಡುವೆ ನಾಲ್ಕು ಕಂಬದ ಮಂಚ. "ನಿಂಗೆ ಡೇರೆ ಇಸ್ಯ ಗೊತ್ತು. ನೀನೇ ನಿಂತು ಮಾಡ್ಸು" ಎಂದು ಹೆಗಲ ಮೇಲೆ ಕೈ ಹಾಕಿದ. ಆ ಕೈ ಹೆಗಲ ಮೇಲೆ ಇದ್ದಷ್ಟು ಹೊತ್ತಿನಲ್ಲೇ ರವಿಚಂದ್ರನಿಗೆ ದಾರಿ ಕಂಡಿತು.

ಕಬಿನಿಯಲ್ಲಿದ್ದಾಗ ಒಬ್ಬ ಡ್ರೈವರು ಜೀಪಿನ ಹಿಂದುಗಡೆ ಹಲಸಿನ ಹಣ್ಣು ಬಿಟ್ಟು ಊಟಕ್ಕೆ ಹೋಗಿದ್ದ. ಬರುವಷ್ಟರಲ್ಲಿ ಆನೆಯೊಂದು ಜೀಪಿನ ಬಾಗಿಲನ್ನು ಕಿತ್ತು ಪಕ್ಕಕ್ಕಿಟ್ಟು ಹಣ್ಣು ತಿನ್ನುತ್ತಿತ್ತು. ಆನೆಗೆ ಸಿಟ್ಟಿರಲಿಲ್ಲ. ಹಣ್ಣಿಗೂ ತನಗೂ ನಡುವೆ ಏನಿದೆ ಎಂಬುದು ಅದಕ್ಕೆ ಲೆಕ್ಕಕ್ಕೇ ಇರಲಿಲ್ಲ. ಸ್ವಾಮಿಯ ಜಮೀನಿನ ಎದುರು ದಡದಲ್ಲಿ ಕಾಡು. ಬೇಸಿಗೆಯಲ್ಲಿ ನೀರು ಬಂಡೆಗಳ ಸಂದಿಗೆ ಇಳಿದಾಗ ಒಂಟಿ ಸಲಗವೊಂದು ವಾರಕ್ಕೆ ಮೂರು ಸಲವಾದರೂ ಈಚೆ ದಡಕ್ಕೆ ಬಂದು, ಸೋಲಾರ್ ತಂತಿ ಬೇಲಿಯ ಆಚೆ ನಿಂತು, ಪಕ್ಕದ ಬಾಳೆ ತೋಟದ ಕಡೆ ಸೊಂಡಿಲೆತ್ತಿ ಮೂಸಿ ವಾಪಸಾಗುತ್ತಿತ್ತು. ಅದರ ಮೇಲೆ ಯಾರೂ ಕೇಸು ಹಾಕುವುದಿಲ್ಲ. ಬೆರಳಚ್ಚು ತೆಗೆಯುವುದಿಲ್ಲ. ಸತ್ತವರ ಮನೆಗೆ ಸರ್ಕಾರವೇ ಬಂದು ಪರಿಹಾರ ಕೊಟ್ಟು, ಕೈಮುಗಿದು ಹೋಗುತ್ತದೆ.

ಮೊದಲನೆಯ ಕೆಲಸ, ಡೇರೆ ನದಿಯ ಕಡೆಗೇ ಬರುವಂತೆ ನೋಡಿಕೊಳ್ಳುವುದು. ಇದು ಸುಲಭ. ರವಿಚಂದ್ರ ಹೇಳಿದ್ದಕ್ಕೆ ಉಲ್ಟಾ ಮಾಡದಿದ್ದರೆ ಸ್ವಾಮಿಗೆ ತಿಂದ ಅನ್ನ ಅರಗುವುದಿಲ್ಲ. ಹಾಗಾಗಿ ಅವನು ಮಾತಿನಲ್ಲಿ ಹೇಳದೆ ವಾಟ್ಸಾಪಿನಲ್ಲಿ ಬರೆದ: "ಬಾವ, ಡೇರೆ ನದಿ ಕಡೆ ಬೇಡ. ಆನೆ ಓಡಾಡೋ ಜಾಗ. ಗೇಟ್ ಹತ್ರ ಹಾಕೋಣ." ಎರಡು ನಿಮಿಷದಲ್ಲಿ ಸ್ವಾಮಿಯ ವಾಯ್ಸ್ ಮೆಸೇಜು ಬಂತು. "ಜನ ಬರೋದು ಆನೆ ನೋಡಕೆ ಕಣ್ಲಾ, ಗೇಟು ನೋಡಕಲ್ಲ. ನೀನೊಬ್ಬ ಅಂಜುಬುರ್ಕ. ಬೇಲಿ ಪಕ್ಕಕ್ಕೇ ಆಕ್ಸು." ಆ ದನಿಯನ್ನು ರವಿಚಂದ್ರ ಜೋಪಾನವಾಗಿ ಉಳಿಸಿಕೊಂಡ. ಅದೇ ಉಪಾಯದಿಂದ ಮಂಚದ ತಲೆದಿಕ್ಕೂ ನದಿಯ ಕಡೆಗೆ ಬಂತು. ನದಿಯ ಸದ್ದಿಗೆ ನಿದ್ದೆ ಬರಲ್ಲ ಬಾವ ಎಂದು ಒಂದು ಮಾತು ಹೇಳಿದ್ದಷ್ಟೇ.

ಎರಡನೆಯದು ಡೇರೆಯ ಆಯ್ಕೆ. ರಾಜಸ್ಥಾನದ ಕಂಪನಿಯೊಂದರಿಂದ ಫೋಟೋ ಪುಸ್ತಕ ತರಿಸಿ, ಭಾವ ಭಾಮೈದ ಇಬ್ಬರೂ ಸಂಜೆ ಸಂಜೆ ಕೂತು ಹಾಳೆ ತಿರುವಿದರು. ಮೂವತ್ತು ಅಡಿ ಉದ್ದ, ಹದಿನೆಂಟು ಅಡಿ ಅಗಲ. ಕಬ್ಬಿಣದ ಕೊಳವೆ ಬೇಡ, ಸಾಗುವಾನಿ ಕಂಬ ಇರಲಿ. ನೆಲದಿಂದ ಎರಡಡಿ ಎತ್ತರಕ್ಕೆ ಹಲಗೆಯ ಅಟ್ಟಣೆ. ಮೇಲೆ ಎರಡು ಚಾವಣಿ, ನಡುವೆ ಗಾಳಿ ಆಡಲು ಜಾಗ. ಕ್ಯಾನ್ವಾಸು ದಪ್ಪಗಿರಬೇಕು, ಮರಳಿನ ಬಣ್ಣದ್ದಾಗಬೇಕು. ಒಳಗಡೆ ಗೋಡೆಗೆ ಹೂಬಳ್ಳಿ ಅಚ್ಚಿನ ಹತ್ತಿ ಬಟ್ಟೆ. ಕಿಟಕಿಗೆ ಸೊಳ್ಳೆ ಪರದೆ, ಬಚ್ಚಲಿಗೆ ತಾಮ್ರದ ತೊಟ್ಟಿ. ಸ್ವಾಮಿ ಮದುವೆಗೆ ಹೆಣ್ಣು ನೋಡುವವನ ಹಾಗೆ ಒಂದೊಂದೇ ಫೋಟೋ ಮುಂದೆ ಕೂತು ಯೋಚಿಸುತ್ತಿದ್ದ. ತನ್ನನ್ನು ಕೊಲ್ಲುವ ವಸ್ತುವಿನ ಬಣ್ಣ ತಾನೇ ಆರಿಸುತ್ತಿದ್ದಾನಲ್ಲ ಎಂದು ರವಿಚಂದ್ರನಿಗೆ ಒಳಗೊಳಗೇ ನಗು. ಒಂದೆರಡು ಸಲ ಆ ನಗು ಮುಖಕ್ಕೂ ಬಂದಿತೇನೋ. ಸ್ವಾಮಿ ತಲೆಯೆತ್ತಿ, "ಏನ್ಲಾ, ಒಬ್ಬೊಬ್ನೇ ನಗ್ತಿಯಾ?" ಎಂದು ಕೇಳಿದ. ಅವತ್ತೆಲ್ಲ ರವಿಚಂದ್ರನಿಗೆ ಸಮಾಧಾನವಿರಲಿಲ್ಲ.

ಮೂರನೆಯದು ಗೋಡೆ. ಡೇರೆ ಬಂದಿಳಿದ ಮೇಲೆ, ಮಂಚದ ತಲೆದಿಕ್ಕಿನ ಗೋಡೆಯನ್ನು ಮಾತ್ರ ಬಿಚ್ಚಿಕೊಂಡು ಅವನು ಮದ್ದೂರಿಗೆ ಹೋದ. ಅಲ್ಲಿ ಕಬ್ಬಿನ ಲಾರಿಗಳ ಟಾರ್ಪಾಲು ಹೊಲಿಯುವ ಪುಟ್ಟಮಾದಯ್ಯನ ಅಂಗಡಿಯಿದೆ. ಹೊರಗಿನ ಕ್ಯಾನ್ವಾಸಿಗೂ ಒಳಗಿನ ಹೂಬಳ್ಳಿ ಬಟ್ಟೆಗೂ ನಡುವೆ ಮುಕ್ಕಾಲು ಅಡಿ ಟೊಳ್ಳು ಬಿಟ್ಟು, ಡೇರೆಯ ಜೊತೆ ಕಂಪನಿಯಿಂದಲೇ ಬಂದ ಕ್ಯಾನ್ವಾಸಿನಲ್ಲಿ ಇನ್ನೊಂದು ಪದರ ಕೊಡಬೇಕು, ಹೊರಗಿನಿಂದ ಕೈ ತೂರಿಸಲು ಒಂದು ಸೀಳು ಇರಬೇಕು ಅಂದ. ಪುಟ್ಟಮಾದಯ್ಯ ಕನ್ನಡಕದ ಮೇಲಿಂದ ನೋಡಿದ.

"ಇಷ್ಟು ಟೊಳ್ಳು ಯಾಕಪ್ಪ?"

"ಬಿಸ್ಲು ತಡೀಲಿ ಅಂತ ಕಣಣ್ಣ. ನದಿ ಕಡೆ ಗೋಡೆಗೆ ಮಧ್ಯಾಹ್ನದ ಬಿಸ್ಲು ನೇರ ವಡೀತದೆ."

"ಸೀಳು?"

"ಇಲಿ ಗಿಲಿ ಸೇರ್ಕಂಡ್ರೆ ತಗೀಬೇಕಲ್ಲ."

ಪುಟ್ಟಮಾದಯ್ಯ ಹ್ಞೂಂ ಎಂದು ಮಿಷಿನ್ನು ತುಳಿದ. ಎರಡು ಸಲ ಮಾತ್ರ ಕೇಳಿದನಲ್ಲ, ಮೂರನೆಯ ಸಲ ಯಾಕೆ ಕೇಳಲಿಲ್ಲ ಎಂದು ರವಿಚಂದ್ರ ಮಳವಳ್ಳಿ ಮುಟ್ಟುವ ತನಕ ಯೋಚಿಸಿದ. ಬರುವಾಗ ಆ ಕ್ಯಾನ್ವಾಸಿನಲ್ಲಿ ಉಳಿದ ತುಂಡುಗಳು, ಹೊಲಿದ ಉಂಡೆಯದೇ ಒಂದಿಷ್ಟು ದಾರ, ಒಂದು ದಬ್ಬಳ ಕೇಳಿ ತಂದಿದ್ದ. ತೂತು ಬಿದ್ದರೆ ತೇಪೆ ಹಾಕುವುದಕ್ಕೆ ಎಂದಿದ್ದ.

ಆ ತುಂಡುಗಳಲ್ಲೇ ಅವನು ಆರು ಚೀಲ ಹೊಲಿದ, ಒಂದೊಂದೂ ದಿಂಬಿನಷ್ಟು. ಇದರಲ್ಲೇ ಅವನ ಜಾಣತನವಿದ್ದದ್ದು. ಬೇರೆ ಬಟ್ಟೆಯ ಚೀಲವಾದರೆ ಆಮೇಲೆ ಯಾರಾದರೂ ಎತ್ತಿ ತೋರಿಸಬಹುದು. ಅದೇ ಕ್ಯಾನ್ವಾಸು, ಅದೇ ದಾರವಾದರೆ, ಆನೆ ಹರಿದು ಚೆಲ್ಲಿದ ಡೇರೆಯ ನೂರು ಚಿಂದಿಗಳ ಜೊತೆ ಇವೂ ಆರು ಚಿಂದಿ. ತನ್ನ ಕೋಣೆಯ ಚಿಲಕ ಹಾಕಿಕೊಂಡು ಎರಡು ಮಧ್ಯಾಹ್ನ ಕೂತು ಹೊಲಿದ. ಕೆಲಸ ಅವನಿಗೆ ಹೊಸದಲ್ಲ. ಮದ್ದೂರು ಕಡೆಯ ಕೊಪ್ಪದ ಅವ್ವನ ಮನೆಯಲ್ಲಿ ಸುಗ್ಗಿಗೆ ಭತ್ತದ ಮೂಟೆ ಹೊಲಿದು ಬೆಳೆದವನು. ತಲೆ ಎಲ್ಲೋ ಇದ್ದರೂ ಕೈ ತನ್ನ ಪಾಡಿಗೆ ದಬ್ಬಳ ಎಳೆಯುತ್ತಿತ್ತು. ಒಳಗೆ ತೌಡು, ಜೋನಿ ಬೆಲ್ಲ, ಕೊಳೆತ ಹಲಸಿನ ತೊಳೆ, ಒಂದು ಹಿಡಿ ಉಪ್ಪು. ಪ್ರತಿ ಚೀಲವನ್ನೂ ಎರಡೆರಡು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಾಯಿ ಬಿಗಿದ. ಇಲ್ಲದಿದ್ದರೆ ಆನೆಗಿಂತ ಮೊದಲು ಇರುವೆ ಬರುತ್ತವೆ. ಅಷ್ಟನ್ನೂ ಯೋಚಿಸಿದ್ದ ಅವನು.

ಡೇರೆ ಎದ್ದು ನಿಂತಿತು. ನಿಜ ಹೇಳಬೇಕೆಂದರೆ ಚೆನ್ನಾಗಿತ್ತು. ಸಂಜೆಯ ಬಿಸಿಲಿಗೆ ಅದರ ಬಣ್ಣ ಹೊಳೆಯುವುದನ್ನು ನೋಡಿ ರವಿಚಂದ್ರನಿಗೇ ಎದೆಯುಬ್ಬಿತು. ಇಂಥದ್ದನ್ನು ಇಷ್ಟು ಅಚ್ಚುಕಟ್ಟಾಗಿ ನಿಲ್ಲಿಸುವವನು ಈ ಸೀಮೆಯಲ್ಲಿ ತನ್ನನ್ನು ಬಿಟ್ಟರೆ ಇನ್ನೊಬ್ಬನಿಲ್ಲ, ಅದನ್ನು ಹೇಳುವುದಕ್ಕೂ ಬಾಯಿ ಬರುವುದಿಲ್ಲವಲ್ಲ ಈ ಮನುಷ್ಯನಿಗೆ ಎಂದು ಸಿಟ್ಟೂ ಬಂತು. ಸ್ವಾಮಿ ಮಂಚದ ಮೇಲೆ ಮಲಗಿ ಎದ್ದು, ದಿಂಬು ಒತ್ತಿ ನೋಡಿ, ಆಮೇಲೆ ಗೋಡೆಗೆ ಬೆರಳ ಗೆಣ್ಣಿನಿಂದ ಹೊಡೆದ. ಚೀಲಗಳು ಆಗಲೇ ಒಳಗಿದ್ದವು.

"ಇದೇನ್ಲಾ, ಗೋಡೆ ತುಂಬ್ದಂಗದೆ?"

"ಬಿಸ್ಲು ತಡೀಲಿ ಅಂತ ಪದ್ರ ಕೊಡ್ಸಿವ್ನಿ ಬಾವ. ಚೆನ್ನಾಗಿಲ್ಲ, ಕೀಳುಸ್ಬುಡ್ತೀನಿ ಬುಡಿ."

"ಕೀಳ್ಸೋದ್ ಬ್ಯಾಡ. ಇರ್ಲಿ" ಅಂದ ಸ್ವಾಮಿ. ಅಂದವನು ಇನ್ನೊಂದು ಸಲ ಗೋಡೆಗೆ ಹೊಡೆದು, ರವಿಚಂದ್ರನ ಮುಖ ನೋಡಿದ. ಆ ನೋಟದಲ್ಲಿ ಏನಿತ್ತು ಎಂದು ರವಿಚಂದ್ರನಿಗೆ ಗೊತ್ತಾಗಲಿಲ್ಲ. ಇವನಿಗೆ ಗುಮಾನಿ ಬಂದಿದೆಯೇ? ಬಂದಿದ್ದರೆ ಸುಮ್ಮನೆ ಯಾಕಿದ್ದಾನೆ? ಸುಮ್ಮನಿದ್ದು ತನ್ನನ್ನು ಸಿಕ್ಕಿಸಿಹಾಕಲು ನೋಡುತ್ತಿದ್ದಾನೆಯೇ? ಒಂದು ವಾರ ಅವನು ಭಾವನ ಹಿಂದೆ ಮುಂದೆ ಸುಳಿದಾಡಿ, ಫೋನಿನಲ್ಲಿ ಯಾರ ಜೊತೆ ಮಾತಾಡುತ್ತಾನೆ ಎಂದು ಕಿವಿಗೊಟ್ಟ. ಸ್ವಾಮಿ ಮಾತಾಡುತ್ತಿದ್ದುದೆಲ್ಲ ಡೇರೆಯ ವಿಡಿಯೋ ಮಾಡಲು ಬರುವವರ ಜೊತೆ. ಗುರುವಾರ ಬೆಳಿಗ್ಗೆ ಬನ್ನಿ, ಬುಧವಾರ ರಾತ್ರಿ ನಾನೇ ಮಲಗಿ ನೋಡುತ್ತೇನೆ, ಎದ್ದು ಕಾಫಿ ಕುಡಿಯುವುದರಿಂದಲೇ ಶುರುಮಾಡಿ ಎನ್ನುತ್ತಿದ್ದ.

ಬುಧವಾರವೇ ಕೊಪ್ಪದಲ್ಲಿ ದಾಯಾದಿಗಳ ಮನೆಯ ಬೀಗರೂಟ. ರವಿಚಂದ್ರ ಅದನ್ನು ಮೊದಲೇ ಗೊತ್ತುಮಾಡಿಕೊಂಡಿದ್ದ. ಬೀಗರೂಟಕ್ಕಿಂತ ಒಳ್ಳೆಯ ಸಾಕ್ಷಿ ಮಂಡ್ಯ ಸೀಮೆಯಲ್ಲಿ ಇನ್ನೆಲ್ಲಿ ಸಿಗುತ್ತದೆ? ಎಂಟುನೂರು ಜನ, ಎರಡು ವಿಡಿಯೋ, ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂತಿದ್ದರು, ಯಾರು ಎಷ್ಟು ಮುದ್ದೆ ಮುರಿದರು ಎಂಬುದನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುವ ನೆಂಟರು. ಅಕ್ಕನನ್ನೂ ಕರೆದುಕೊಂಡು ಹೊರಟ. ಅವ್ವನ ಮನೆಯಲ್ಲಿ ಉಳಿದು ನಾಳೆ ಬರೋಣ ಅಂದ. ಅಕ್ಕನ ಮೇಲೆ ಅವನಿಗೆ ಪ್ರೀತಿಯಿತ್ತು. ಅವಳು ಆ ರಾತ್ರಿ ಆ ಡೇರೆಯಲ್ಲಿ ಇರಬಾರದು ಎಂಬುದು ಇಡೀ ಯೋಜನೆಯಲ್ಲಿ ಅವನು ಮೊದಲು ಬರೆದುಕೊಂಡ ಸಾಲು.

ಹೊರಡುವ ಮುಂಚೆ, ಬೆಳಿಗ್ಗೆ ಹತ್ತರ ಸುಮಾರಿಗೆ, ಸ್ವಾಮಿ ಸ್ನಾನಕ್ಕೆ ಹೋಗಿದ್ದಾಗ ಸೀಳಿನಲ್ಲಿ ಕೈ ತೂರಿಸಿ ಆರು ಚೀಲಗಳ ಪ್ಲಾಸ್ಟಿಕ್ಕನ್ನೂ ಕುಯ್ದು ಎಳೆದುಕೊಂಡ. ಪ್ಲಾಸ್ಟಿಕ್ಕು ಅಡುಗೆಮನೆಯ ಒಲೆಗೆ ಹೋಯಿತು. ವಾಸನೆ ಬಂದರೂ ಪಕ್ಕದ ತೋಟದ ಹಣ್ಣಿನದೆಂದು ಸ್ವಾಮಿ ಅಂದುಕೊಳ್ಳುತ್ತಾನೆ ಎಂಬುದು ಅವನ ಲೆಕ್ಕ. ಬೇಲಿಯ ಪಕ್ಕದ ಹೊಂಗೆಮರದಿಂದ ಒಂದು ಹಸಿ ಕೊಂಬೆಯನ್ನು ಮುರಿದು, ಗಾಳಿಗೆ ಬಿದ್ದ ಹಾಗೆ ತಂತಿಯ ಮೇಲೆ ಒರಗಿಸಿದ. ತಂತಿಯ ಕರೆಂಟು ನೆಲಕ್ಕಿಳಿಯಿತು. ಸ್ನಾನ ಮುಗಿಸಿ ಬಂದ ಸ್ವಾಮಿ ತಲೆ ಒರೆಸಿಕೊಳ್ಳುತ್ತಾ, "ಬಾಡು ಸಂದಾಗಿದ್ರೆ ನಂಗೂ ಒಂದಿಷ್ಟು ಕಟ್ಟುಸ್ಕ ಬಾರ್ಲಾ" ಅಂದ. ಆಯ್ತು ಬಾವ ಅಂದು ರವಿಚಂದ್ರ ಕಾರು ಹತ್ತಿದ.

ಕೊಪ್ಪದಲ್ಲಿ ಅವನು ಎರಡು ಪಂಕ್ತಿ ಊಟ ಮಾಡಿದ, ಒಂದು ಕೂತು, ಒಂದು ಬಡಿಸಿ. ಕ್ಯಾಮೆರಾ ಬಂದ ಕಡೆಗೆಲ್ಲ ತಿರುಗಿದ. ಸ್ವಾಮಿಗೆಂದು ಒಂದು ಡಬ್ಬಿ ಬಾಡಿನ ಸಾರು ಎಲ್ಲರ ಎದುರೇ ಕಟ್ಟಿಸಿಕೊಂಡ. ಮನೆಗೆ ಬಂದ ಮೇಲೆ ಅವ್ವ ಸಣ್ಣತಾಯಮ್ಮನ ಜೊತೆ ಹಳೆಯದೆಲ್ಲ ಮಾತಾಡಿ, ನಡುಮನೆಯಲ್ಲಿ ಅವಳ ಪಕ್ಕದಲ್ಲೇ ಚಾಪೆ ಹಾಸಿಕೊಂಡ. ಬೆಳಿಗ್ಗೆ ಆರೂವರೆಗೆ ಫೋನು ಬಂತು. ನಾಲ್ಕು ಸಲ ಬಡಿದುಕೊಳ್ಳಲು ಬಿಟ್ಟು ಎತ್ತಿದ. ಕ್ಯಾಂಪಿನ ಅಡುಗೆಯವನು ಏನು ಹೇಳುತ್ತಿದ್ದಾನೆ ಎಂದು ತಿಳಿಯದವನ ಹಾಗೆ ಮೂರು ಸಲ ಕೇಳಿದ. ಅಕ್ಕ ಕೂಗಿಕೊಂಡಾಗ ಮಾತ್ರ ಅವನು ಅಭ್ಯಾಸ ಮಾಡಿಟ್ಟುಕೊಂಡಿದ್ದು ಯಾವುದೂ ನೆನಪಿಗೆ ಬರಲಿಲ್ಲ. ಬಂದ ಅಳು ನಿಜವಾದದ್ದೇ. ಅದು ಅವನಿಗೇ ಆಶ್ಚರ್ಯ.

ಎಲ್ಲವೂ ಅವನು ಅಂದುಕೊಂಡ ಹಾಗೇ ನಡೆಯಿತು. ಸಲಗ ಬಂದಿತ್ತು, ಬೇಲಿ ದಾಟಿತ್ತು, ಗೋಡೆಯನ್ನು ಮಂಚದ ಸಮೇತ ಕಿತ್ತು ಹಾಕಿತ್ತು. ಅರಣ್ಯದವರು ತಂತಿಯ ಮೇಲಿನ ಕೊಂಬೆ ನೋಡಿ ತಲೆಯಾಡಿಸಿ ಬರೆದುಕೊಂಡರು. ಸಬ್ ಇನ್‌ಸ್ಪೆಕ್ಟರು ವಾಟ್ಸಾಪಿನ ದನಿ ಕೇಳಿ, "ನಿಮ್ಮ ಮಾತು ಕೇಳಿದ್ದಿದ್ರೆ ಉಳೀತಿದ್ರು" ಅಂದರು. ಚಿಂದಿಗಳ ರಾಶಿಯಲ್ಲಿ ರವಿಚಂದ್ರ ಕಣ್ಣಾಡಿಸಿದ. ಯಾವುದು ಡೇರೆ, ಯಾವುದು ಚೀಲ ಎಂದು ಅವನಿಗೇ ಗುರುತು ಹತ್ತಲಿಲ್ಲ. ಆದರೂ ಅವನ ಗುಮಾನಿ ಹೋಗಲಿಲ್ಲ. ಹೆಣದ ಮುಂದೆ ಯಾರು ತನ್ನನ್ನು ಎಷ್ಟು ಹೊತ್ತು ನೋಡಿದರು, ಪುಟ್ಟಮಾದಯ್ಯ ಮದ್ದೂರಿಂದ ಇಷ್ಟು ದೂರ ಮಣ್ಣಿಗೆ ಯಾಕೆ ಬಂದ, ಬಂದವನು ಒಂದು ಮಾತೂ ಆಡದೆ ಯಾಕೆ ಹೋದ ಎಂದು ಲೆಕ್ಕ ಹಾಕುತ್ತಲೇ ಇದ್ದ. ವೀಣ ಮಾತ್ರ ಅವನ ಕೈ ಬಿಡುತ್ತಿರಲಿಲ್ಲ. "ನೀನು ಬ್ಯಾಡ ಅಂದಿದ್ದೆ ಕಣೋ. ಅವ್ರೇ ಕೇಳ್ನಿಲ್ಲ. ಇನ್ಮೇಲೆ ಎಲ್ಲಾ ನೀನೇ ನೋಡ್ಕಬೇಕು" ಎಂದು ಅಳುತ್ತಿದ್ದಳು. ಅದೇ ಅವನಿಗೆ ಬೇಕಾಗಿದ್ದ ಮಾತು. ಕೇಳಿದಾಗ ನೀರು ತರುವ ನೆಪದಲ್ಲಿ ಕೈ ಬಿಡಿಸಿಕೊಂಡು ಎದ್ದುಹೋದ.

ಮೂರನೆಯ ದಿನ ಸಮಾಧಿಗೆ ಹಾಲುತುಪ್ಪ ಬಿಟ್ಟು ಬಂದು ಮಳವಳ್ಳಿಯಲ್ಲಿದ್ದ ಸ್ವಾಮಿಯ ಮನೆಯ ಜಗಲಿಯಲ್ಲಿ ಎಲ್ಲರೂ ಕೂತಿದ್ದಾಗ ಸಬ್ ಇನ್‌ಸ್ಪೆಕ್ಟರು ಬಂದರು. ಕೇಸು ಮುಗಿಸುವುದಕ್ಕೆ ಇನ್ನೊಂದೆರಡು ಸಹಿ ಬೇಕಿತ್ತು. ಬುಧವಾರ ರಾತ್ರಿ ರವಿಚಂದ್ರ ಎಲ್ಲಿದ್ದ ಎಂದು ಕೇಳಿದ್ದಕ್ಕೆ ಸಣ್ಣತಾಯಮ್ಮನೇ, "ನನ್ ಪಕ್ದಲ್ಲೇ ಮನ್ಗಿದ್ದ ಕಣಪ್ಪ ನನ್ ಮಗ" ಅಂದಳು. ಅವರು ಬರೆದುಕೊಂಡರು. ಹೊರಡಲು ಎದ್ದವರು ಏನೋ ನೆನಪಾಗಿ ಚೀಲದಿಂದ ಒಂದು ಕವರು ತೆಗೆದರು. ಒಳಗೆ ಅಂಗೈ ಅಗಲದ ಕ್ಯಾನ್ವಾಸು ತುಂಡು, ಅಟ್ಟಣೆಯ ಹಲಗೆ ಸಂದಿಯಲ್ಲಿ ಅರಣ್ಯದವರಿಗೆ ಸಿಕ್ಕಿದ್ದು, ಬೆಲ್ಲದ ವಾಸನೆ ಬರುತ್ತಿತ್ತಂತೆ.

"ಡೇರೆ ಕಂಪನಿಯವರು ಇಂಥ ಹೊಲಿಗೆ ನಮ್ಮದಲ್ಲ ಅಂದ್ರು. ಮದ್ದೂರಿನ ಹೊಲಿಗೆಯವನೂ ನಂದಲ್ಲ ಅಂದ. ನಿಮಗೇನಾದ್ರೂ ಗೊತ್ತಾ?"

ರವಿಚಂದ್ರ ತುಂಡನ್ನು ನೋಡಿದ. ಮರಳಿನ ಬಣ್ಣ, ಅದೇ ಕ್ಯಾನ್ವಾಸು, ಅದೇ ದಾರ. ಅವನ ಎದೆ ಹಗುರವಾಯಿತು. "ಡೇರೇದೇ ತುಂಡು ಸಾರ್. ನೋಡಿ, ಬಟ್ಟೆ ಒಂದೇ. ತಿಂಡಿ ಗಿಂಡಿ ಚೆಲ್ಲಿರ್ಬೋದು" ಅಂದ. ಅವರೂ ಹೌದೆಂದು ಕವರನ್ನು ಮಡಿಸಲು ಹೋದರು.

ಸಣ್ಣತಾಯಮ್ಮ ಕೈ ಚಾಚಿ ಅದನ್ನು ಇಸಿದುಕೊಂಡಳು. ಕಣ್ಣು ಮಂಜಾದವಳು, ನೋಡಲು ಹೋಗದೆ ಹೆಬ್ಬೆರಳಿನಿಂದ ಸವರಿದಳು. ತುಂಡಿನ ಮೂಲೆಯಲ್ಲಿ ಬಟ್ಟೆಯನ್ನು ಹಿಡಿದೆತ್ತಿ ದಾರದಿಂದ ಬಿಗಿದ ಒಂದು ಪುಟ್ಟ ಗಂಟಿತ್ತು. ಮೂಟೆಯ ಬಾಯಿ ಹೊಲಿದ ಮೇಲೆ ಎತ್ತುವವರ ಹಿಡಿತಕ್ಕೆಂದು ಎರಡು ಮೂಲೆಗೂ ಬಿಡುವ ಕಿವಿ ಅದು. ಯಾರೂ ಎತ್ತಬೇಕಾಗಿಲ್ಲದ ದಿಂಬಿನಷ್ಟಿರುವ ಚೀಲಕ್ಕೆ ಕಿವಿ ಯಾಕೆ ಬೇಕಿತ್ತು? ಬೇಕಿರಲಿಲ್ಲ, ಆದರೆ ಹೊಲಿದದ್ದು ಮೂಟೆ ಹೊಲಿದ ಕೈ. ದುಃಖದ ಮೂರು ದಿನಗಳಲ್ಲಿ ಮೊದಲ ಬಾರಿಗೆ ಮುದುಕಿಯ ಮುಖ ಅರಳಿತು. "ಕಂಪ್ನಿದೆಂತದು ಕಣಪ್ಪ, ಇದು ನಮ್ಮನೆ ಕಿವಿ. ಮಿಲ್ಲಲ್ಲಿ ನಮ್ ಮೂಟೆ ಅದ್ಲುಬದ್ಲು ಆಗ್ದಿರ್ಲಿ ಅಂತ ನಮ್ಮತ್ತೆ ಇಂಗೆ ಮೂರು ಸುತ್ತು ಸುತ್ತಿ ಬಾಲ ಒಳೀಕೆ ಸೇರುಸ್ತಿದ್ರು. ಬೇರೆ ಯಾರ್ ಮನೇಲೂ ಇಂಗೆ ಕಟ್ಟಾಕಿಲ್ಲ. ನಾನು ಇವ್ನೊಬ್ನಿಗೇ ಕಲ್ಸಿದ್ದು" ಎಂದು ಮಗನ ಕಡೆ ತಿರುಗಿ, "ಇದ್ಯಾವಾಗ ಹೊಲ್ದೆ ಮಗ?" ಎಂದು ಕೇಳಿದಳು.